ಚಿತ್ರಕ್ಕೆ ಕತ್ತರಿ ಹಾಕಿದ ದಿನ

ನಾಲ್ಕು ಮೀಟರ್ ಕೋರಾ ಕಾಟನ್. ಅದರ ಮೇಲೆ ಅವಳು ಮೂರು ವಾರ ಕೂತು ಬಣ್ಣ ಬಳಿದಿದ್ದಳು. ಈಗ ಅದು ನನ್ನ ಕಟಿಂಗ್ ಟೇಬಲ್ ಮೇಲೆ ಹಾಸಿತ್ತು. ನನ್ನ ಕೈಯಲ್ಲಿ ಹತ್ತಿಂಚಿನ ಕತ್ತರಿ. ಅವಳು ಟೇಬಲ್ಲಿನ ಆ ಕಡೆ ಕೈ ಕಟ್ಟಿಕೊಂಡು ನಿಂತಿದ್ದಳು.

"ಎಲ್ಲಿಂದ ಶುರು ಮಾಡ್ತೀಯ?"

"ಆರ್ಮ್‌ಹೋಲ್‌ನಿಂದ."

"ಅಲ್ಲಿ ಆ ಕಪ್ಪು ಗೆರೆ ಇದೆ."

"ಇದೆ. ತೋಳು ಅಲ್ಲೇ ಸೇರಬೇಕು."

ಅವಳು ಮಾತಾಡಲಿಲ್ಲ. ಕಿಟಕಿ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ನಾನು ಕತ್ತರಿ ಇಟ್ಟೆ. ಸಾದಾ ಕಾಟನ್ ಆದರೆ ಸರ್ರನೆ ಹೋಗುತ್ತದೆ. ಬಣ್ಣ ಕುಡಿದ ಬಟ್ಟೆ ರಟ್ಟು ಕತ್ತರಿಸಿದ ಹಾಗೆ ಕರಕರ ಅಂದಿತು. ಮೂಲೆಯಲ್ಲಿ ಚೆಲ್ಲೊ, ಆ ದೊಡ್ಡ ಪಿಟೀಲಿನಂಥ ವಾದ್ಯ, ಹಿಡಿದು ಕೂತಿದ್ದವನು ತಲೆ ಎತ್ತಿದ. "ಆ ಸದ್ದು ಇನ್ನೊಂದ್ಸಲ ಮಾಡು" ಅಂದ.

ಇನ್ನೊಂದು ಸಲ ಕತ್ತರಿಸಬೇಕಾದರೆ ಅವಳು ಇನ್ನೊಂದು ಚಿತ್ರ ಬಿಡಿಸಬೇಕು. ಅದನ್ನು ಹೇಳುವ ಧೈರ್ಯ ನನಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಇಬ್ಬರ ಹೆಸರನ್ನೂ ಬರೆಯಬಾರದು ಅಂತ ಮಾತಾಗಿದೆ. ಹಾಗಾಗಿ ಅವಳು ಚಿತ್ರದವಳು, ಅವನು ಚೆಲ್ಲೊದವನು. ನಾನು ಪ್ಯಾಟರ್ನ್ ಮಾಡಿ ಕತ್ತರಿಸುವ ಕೆಲಸದಲ್ಲಿ 20 ವರ್ಷ ಕಳೆದ ಜೀವ. ಮೂವರೂ ಸೇರಿ 20 ನಿಮಿಷದ ಒಂದು ಕಾರ್ಯಕ್ರಮ ಮಾಡಬೇಕು ಅಂತ ಹೊರಟೆವು. ಒಂದು ಕೋಟು, ಅದರ ಮೇಲೆ ಅವಳ ಅಮೂರ್ತ ಚಿತ್ರ, ಅದನ್ನು ಹಾಕಿಕೊಂಡು ನಡೆಯುವ ಒಬ್ಬ ಹುಡುಗಿ, ಪಕ್ಕದಲ್ಲಿ ಚೆಲ್ಲೊ. ಹೇಳೋಕೆ ಇಷ್ಟೇ. ಮಾಡೋಕೆ ಏಳು ತಿಂಗಳು ಬೇಕಾಯಿತು.

ಮೊದಲ ಮೂರು ಭೇಟಿಗಳನ್ನು ಪೂರ್ತಿ ಹಾಳು ಮಾಡಿಕೊಂಡೆವು. ಅವನು ಕೆಳಗಿನ ತಂತಿಯ ಮೇಲೆ ಒಂದು ಉದ್ದ ಸ್ವರ ಎಳೆಯುತ್ತಿದ್ದ. ಅವಳು "ಕಂದು" ಅನ್ನುತ್ತಿದ್ದಳು. ನಾನು ಕಂದು ಉಣ್ಣೆಯ ತುಂಡು ತಂದು ಮುಂದಿಡುತ್ತಿದ್ದೆ. ಮೂವರೂ ತಲೆ ಆಡಿಸುತ್ತಿದ್ದೆವು. ಪರೀಕ್ಷೆಯ 'ಹೊಂದಿಸಿ ಬರೆಯಿರಿ' ಇದೆಯಲ್ಲ, ಹಾಗೆ. ಎಡಗಡೆ ಸ್ವರ, ಬಲಗಡೆ ಬಣ್ಣ, ನಡುವೆ ಗೆರೆ ಎಳೆಯುವುದು. ಅಂಕ ಕೊಡೋಕೆ ಸುಲಭ, ಅಷ್ಟೇ.

ಈ ಆಟಕ್ಕೆ ದೊಡ್ಡವರ ಬೆಂಬಲ ಇಲ್ಲದೆ ಇಲ್ಲ. ಅಮೂರ್ತ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿ ತಿಳಿನೀಲಿಯನ್ನು ಕೊಳಲಿಗೆ ಹೋಲಿಸಿದ್ದರು. ಗಾಢ ನೀಲಿ ಚೆಲ್ಲೊ, ಇನ್ನೂ ಗಾಢವಾದದ್ದು ಡಬಲ್ ಬೇಸ್. ಹಳದಿ ಅಂದರೆ ಏರುತ್ತಾ ಹೋಗುವ ಟ್ರಂಪೆಟ್. ಚಿತ್ರದವಳು ಇದನ್ನು ಓದಿ ಹೇಳಿದಾಗ ಚೆಲ್ಲೊದವನು ತನ್ನ ವಾದ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನದು ಮೊದಲಿಂದಲೂ ಕೆಂಪೇ ಕಣೇ" ಅಂದ.

ಆದರೆ ಅದೇ ಕ್ಯಾಂಡಿನ್‌ಸ್ಕಿ ಚಿತ್ರಕ್ಕೆ ಕೂತಾಗ ಈ ಪಟ್ಟಿಯನ್ನು ನೋಡಿಕೊಂಡು ಕೂತವರಲ್ಲ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ರಚನೆಕಾರ ಆರ್ನಾಲ್ಡ್ ಶೋನ್‌ಬರ್ಗ್ ಅವರ ಸಂಗೀತದ ಕಛೇರಿ ಕೇಳಿದರು. ನಾಲ್ಕು ತಂತಿವಾದ್ಯಗಳ ಕೃತಿಗಳು, ಪಿಯಾನೊ ತುಣುಕುಗಳು. ಅದಾದ ಮೇಲೆ ಅವರು ಮಾಡಿದ ಚಿತ್ರದಲ್ಲಿ ಎದ್ದು ಕಾಣುವುದು ಎರಡೇ. ಪಿಯಾನೊದ ಮುಚ್ಚಳದಂಥ ಒಂದು ದೊಡ್ಡ ಕಪ್ಪು ಗುಡ್ಡೆ, ಅದರ ಪಕ್ಕ ಚೆಲ್ಲಿಕೊಂಡು ಹರಿದ ಹಳದಿ. ಅವರದೇ ಲೆಕ್ಕದಲ್ಲಿ ಹಳದಿ ಟ್ರಂಪೆಟ್ ಅಲ್ವಾ? ಆ ಕಛೇರಿಯಲ್ಲಿ ಟ್ರಂಪೆಟ್ಟೇ ಇರಲಿಲ್ಲ! ಇದನ್ನು ಕಂಡುಹಿಡಿದ ದಿನ ನಮಗೆ ಎಷ್ಟು ಖುಷಿಯಾಯಿತು ಅಂದರೆ, ಬಣ್ಣ ಮತ್ತು ಸ್ವರದ ಪಟ್ಟಿ ಬರೆದಿಟ್ಟಿದ್ದ ಹಾಳೆಯನ್ನು ನಾನು ಅಳತೆಯ ಟೇಪು ಸುತ್ತಿಡೋಕೆ ಬಳಸಿದೆ.

ನನ್ನ ಕಸುಬಿನವರಿಗೆ ಚಿತ್ರ ಮತ್ತು ಬಟ್ಟೆ ಅಂದ ತಕ್ಷಣ ನೆನಪಾಗುವುದು ಒಂದೇ. 1965ರ ಚಳಿಗಾಲದ ಸಂಗ್ರಹದಲ್ಲಿ ಫ್ರೆಂಚ್ ವಸ್ತ್ರವಿನ್ಯಾಸಕ ಈವ್ ಸಾಂ ಲೋರಾಂ, ಚಿತ್ರಕಾರ ಮಾಂಡ್ರಿಯಾನ್ ಅವರ ಚಿತ್ರಗಳನ್ನು ಹಿಡಿದು ಮಾಡಿದ ಉಡುಪುಗಳು. ಬಿಳಿ ಮೇಲೆ ಕಪ್ಪು ಪಟ್ಟಿ, ಅಲ್ಲಲ್ಲಿ ಕೆಂಪು, ನೀಲಿ, ಹಳದಿ ಚೌಕ. ಫೋಟೋ ನೋಡಿದವರು ಪ್ರಿಂಟ್ ಅಂದುಕೊಳ್ಳುತ್ತಾರೆ. ಪ್ರಿಂಟ್ ಅಲ್ಲ. ಒಂದೊಂದು ಚೌಕವೂ ಬೇರೆ ಬೇರೆ ಉಣ್ಣೆ ಜರ್ಸಿಯ ತುಂಡು. ಕಪ್ಪು ಪಟ್ಟಿಯೂ ತುಂಡೇ. ಮೈಯ ಉಬ್ಬುತಗ್ಗಿಗೆ ಬೇಕಾದ ಆಕಾರವನ್ನೆಲ್ಲ ಆ ಜೋಡಣೆಯ ಹೊಲಿಗೆಗಳ ಒಳಗೆ ಅಡಗಿಸಿಟ್ಟಿದ್ದಾರೆ. ಆಕಾರಕ್ಕೆ ಅಂತ ಬಟ್ಟೆ ಮಡಚಿ ಹೊಲಿಯುವ ಡಾರ್ಟು ಹೊರಗೆ ಒಂದೂ ಕಾಣಲ್ಲ.

ಕಲಿಯೋಣ ಅಂತ ಹಿಂದೊಮ್ಮೆ ಅಂಥದೊಂದನ್ನು ಕೋರಾದಲ್ಲಿ ಹೊಲಿದು ನೋಡಿದ್ದೆ. ಸ್ಕೇಲು ಇಟ್ಟು ಅಡ್ಡ ಪಟ್ಟಿಯನ್ನು ನೇರವಾಗಿ ಕತ್ತರಿಸಿದೆ. ಗೊಂಬೆಗೆ ಹಾಕಿದರೆ ಎದೆಯ ಹತ್ತಿರ ಪಟ್ಟಿ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿತು. ನಾಲ್ಕನೇ ಸಲಕ್ಕೆ ತಲೆಗೆ ಹೋಯಿತು. ಮೈಮೇಲೆ ಗೆರೆ ನೇರ ಕಾಣಬೇಕಾದರೆ ಟೇಬಲ್ ಮೇಲೆ ಅದು ಸೊಟ್ಟ ಇರಬೇಕು. ನೇರ ಗೆರೆಗೆ ಅಷ್ಟೆಲ್ಲ ಸುಳ್ಳು ಹೇಳಬೇಕಾಗುತ್ತದೆ.

ಒಂದು ತಕರಾರು ಮಾತ್ರ ಇದೆ. ಮಾಂಡ್ರಿಯಾನ್ 1944ರಲ್ಲೇ ತೀರಿಕೊಂಡಿದ್ದರು. "ನಿಮ್ಮ ಚಿತ್ರಕ್ಕೆ ತೋಳು ಹಾಕಲೇ?" ಅಂತ ಕೇಳೋಕೆ ಯಾರೂ ಇರಲಿಲ್ಲ. ಅಲ್ಲದೆ ಆತನಿಗೆ ಜಾಸ್ ಅಂದರೆ ಹುಚ್ಚು. 1940ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಮಾಡಿದ ದೊಡ್ಡ ಚಿತ್ರದ ಹೆಸರಿನಲ್ಲೇ ಬೂಗಿ ವೂಗಿ ಅನ್ನುವ ಕುಣಿತದ ಸಂಗೀತ ಇದೆ. ಅದರಲ್ಲಿ ಕಪ್ಪು ಪಟ್ಟಿಗಳೇ ಇಲ್ಲ. ಹಳದಿ ದಾರಿಗಳ ಮೇಲೆ ಕೆಂಪು ನೀಲಿ ಪುಟ್ಟ ಚೌಕಗಳು ಟಕಟಕ ಹೆಜ್ಜೆ ಹಾಕುತ್ತವೆ. ಉಡುಪಿಗೆ ಬಂದದ್ದು ಅದಕ್ಕಿಂತ ಹಳೆಯ, ಸುಮ್ಮನೆ ನಿಂತ ಮಾಂಡ್ರಿಯಾನ್. ಕುಣಿಯುವ ಮಾಂಡ್ರಿಯಾನ್ ಗೋಡೆಯ ಮೇಲೇ ಉಳಿದ. ಚೌಕದಿಂದ ಚೌಕಕ್ಕೆ ಹೊಲಿಯುವ ಕಷ್ಟ ನೆನೆದರೆ ಅದೇ ಒಳ್ಳೆಯದಾಯಿತು ಬಿಡಿ.

ಚಿತ್ರಕಲಾವಿದೆ ಸೋನಿಯಾ ಡೆಲೋನೆಗೆ ಈ ಜಗಳ ಇರಲಿಲ್ಲ. ಚಿತ್ರದವಳೂ ಅವಳೇ, ಹೊಲಿದವಳೂ ಅವಳೇ. 1911ರಲ್ಲಿ ಹುಟ್ಟಿದ ಮಗನಿಗೆ ತುಂಡು ಬಟ್ಟೆ ಜೋಡಿಸಿ ಹೊದಿಕೆ ಮಾಡಿದಳು. 1913ರಲ್ಲಿ ಅದೇ ರೀತಿ ಬಣ್ಣಬಣ್ಣದ ತುಂಡುಗಳ ಉಡುಪು ಮಾಡಿ, ಹಾಕಿಕೊಂಡು, ಪ್ಯಾರಿಸ್ಸಿನ ಬಾಲ್ ಬುಲಿಯೆ ನೃತ್ಯಶಾಲೆಗೆ ಹೋದಳು. ಬಣ್ಣ, ಬಟ್ಟೆ, ವಾದ್ಯ ಮೂರೂ ಒಂದೇ ರಾತ್ರಿ ಒಂದೇ ಮೈಮೇಲೆ. ನಮ್ಮಲ್ಲಿ ಮೂರು ಮೈ, ಮೂರು ತಲೆ, ಅದೇ ತೊಂದರೆ.

ಮತ್ತೆ ಆ ಕರಕರ ಬಟ್ಟೆಗೆ ಬರುತ್ತೇನೆ.

ಬಟ್ಟೆಯ ಮೇಲೆ ಅಕ್ರಿಲಿಕ್ ಬಣ್ಣ ಒಣಗಿದರೆ ಅದು ಪ್ಲಾಸ್ಟಿಕ್ಕಿನ ಪದರ. ಬಟ್ಟೆಗೆ ಅಂತ ಸಿಗುವ ಮೀಡಿಯಂ ಬೆರೆಸಿ ಬಳಿದು, ಒಣಗಿಸಿ, ಹಿಂದಿನಿಂದ ಇಸ್ತ್ರಿ ಮಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ. ಚಿತ್ರದವಳು ಬೆರೆಸಿದ್ದಳು. ಆದರೆ ಅವಳದು ಒಂದು ಕೈ ಬಳಿದು ಬಿಡುವ ಚಿತ್ರ ಅಲ್ಲ. ಕೆಲವು ಕಡೆ ಆರೇಳು ಪದರ. ಆ ಜಾಗ ಮಡಚಿದರೆ ಗೆರೆ ಬೀಳುತ್ತಿತ್ತು, ಎರಡನೇ ಸಲ ಮಡಚಿದರೆ ಬಿರುಕು.

ಸೂಜಿಯ ಕತೆ ಇನ್ನೊಂದು. ಸಾದಾ ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ತೂತು ಮುಚ್ಚಿಕೊಳ್ಳುತ್ತದೆ. ಬಣ್ಣದ ಪದರದಲ್ಲಿ ಬಿದ್ದ ತೂತು ಬಿದ್ದದ್ದೇ. ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಹೊಲಿಯಬೇಕು. 20 ವರ್ಷದಲ್ಲಿ ನಾನು ಒಂದೇ ಸಲಕ್ಕೆ ಸರಿಯಾಗಿ ಹೊಲಿದದ್ದು ದಿಂಬಿನ ಕವರ್ ಮಾತ್ರ.

ಕೊನೆಗೆ ನನ್ನನ್ನು ಸೋಲಿಸಿದ್ದು ತೋಳು. ಕೋಟಿನ ತೋಳಿನ ಮೇಲ್ಭಾಗವನ್ನು ಆರ್ಮ್‌ಹೋಲ್‌ನ ಸುತ್ತಳತೆಗಿಂತ 3 ಸೆಂಟಿಮೀಟರ್‌ನಷ್ಟು ಜಾಸ್ತಿ ಇಡುತ್ತೇವೆ. ಆ ಜಾಸ್ತಿಯನ್ನು ನೆರಿಗೆ ಬೀಳದ ಹಾಗೆ ಬೆರಳಲ್ಲಿ ಒತ್ತಿ ಒತ್ತಿ, ಬಟ್ಟೆಯೊಳಗೇ ಕರಗಿಸಿ ಹೊಲಿಯಬೇಕು. ಆಗಲೇ ಹೆಗಲು ದುಂಡಗೆ ಕೂರುವುದು. ಉಣ್ಣೆ ಇದಕ್ಕೆ ದೇವರಂಥ ಬಟ್ಟೆ, ಹೇಳಿದ ಹಾಗೆ ಕುಗ್ಗುತ್ತದೆ. ಬಣ್ಣ ಕುಡಿದ ಕೋರಾ ಕುಗ್ಗುವ ಮಾತೇ ಇಲ್ಲ. ಒತ್ತಿದರೆ ಇಲ್ಲಿ ಒಂದು ಪುಟ್ಟ ಗುಳ್ಳೆ, ಅಲ್ಲಿ ಇನ್ನೊಂದು. ಸಂಜೆವರೆಗೆ ಗುದ್ದಾಡಿದೆ. ಹೆಗಲು ಚಪ್ಪರದ ಕಂಬದ ಹಾಗೆ ಎದ್ದು ನಿಂತಿತು. ಅದರ ಜೊತೆಗೆ ಅವಳ ಕಪ್ಪು ಗೆರೆ ಎರಡು ತುಂಡಾಗಿತ್ತು.

"ನನ್ನ ಚಿತ್ರವೂ ಹೋಯ್ತು, ನಿನ್ನ ಕೋಟೂ ಹೋಯ್ತು" ಅಂದಳು. ಕೋಪ ಇರಲಿಲ್ಲ. ಅದೇ ಕಷ್ಟವಾಯಿತು.

ಮೊದಲು ಕೋಟು ಹೊಲಿದುಬಿಡು, ಆಮೇಲೆ ನಾನು ಅದರ ಮೇಲೆ ಬಳಿಯುತ್ತೇನೆ ಅನ್ನುವುದು ಅವಳ ಮುಂದಿನ ಸಲಹೆ. ಉದಾಹರಣೆಯನ್ನೂ ತಂದಿದ್ದಳು. 1998ರಲ್ಲಿ ವಸ್ತ್ರವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ಅವರ ಪ್ರದರ್ಶನದ ಕೊನೆಗೆ ರೂಪದರ್ಶಿ ಶಾಲೋಮ್ ಹಾರ್ಲೋ ಬಿಳಿ ಉಡುಪಿನಲ್ಲಿ ತಿರುಗುವ ವೇದಿಕೆ ಮೇಲೆ ನಿಂತಿದ್ದರು. ಕಾರುಗಳಿಗೆ ಬಣ್ಣ ಹೊಡೆಯುವಂಥ ಎರಡು ರೋಬೋಗಳು ಆ ಕಡೆ ಈ ಕಡೆಯಿಂದ ಎದ್ದು, ಮೊದಲು ಸುಮ್ನೆ ಮೂಸಿ ನೋಡಿದ ಹಾಗೆ ಅತ್ತಿತ್ತ ಆಡಿ, ಆಮೇಲೆ ಕಪ್ಪು ಹಳದಿ ಬಣ್ಣ ಎರಚಿದವು. ಎಷ್ಟು ಸಲ ನೋಡಿದರೂ ಕೊನೆಗೆ ಎದೆ ಝಲ್ ಅನ್ನುತ್ತದೆ. ಒಪ್ಪುತ್ತೇನೆ. ಆದರೆ ನನ್ನ ಕಸುಬಿನ ಕಣ್ಣಿಗೆ ಅಲ್ಲಿ ಹೊಲಿದವರ ಕೆಲಸ ರೋಬೋ ಏಳುವ ಮೊದಲೇ ಮುಗಿದಿತ್ತು. ಬಟ್ಟೆ ಅಲ್ಲಿ ಕ್ಯಾನ್‌ವಾಸು. "ಹಾಗಾದರೆ ಗೋಡೆಗೆ ಬಳಿ, ನನ್ನನ್ನು ಯಾಕೆ ಕರೀತೀಯ" ಅಂದುಬಿಟ್ಟೆ. ಎರಡು ವಾರ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಚೆಲ್ಲೊದವನು ಆ ಎರಡು ವಾರಕ್ಕೆ ಒಂದು ಮರ್ಯಾದೆಯ ಹೆಸರು ಕೊಟ್ಟ. ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗೀತ ರಚನೆಕಾರ ಜಾನ್ ಕೇಜ್ ಹಾಗೇ ಕೆಲಸ ಮಾಡುತ್ತಿದ್ದರಂತೆ. ನೃತ್ಯ ಬೇರೆ, ಸಂಗೀತ ಬೇರೆ, ಒಟ್ಟು ಎಷ್ಟು ನಿಮಿಷ ಅನ್ನುವುದು ಮಾತ್ರ ಮೊದಲೇ ಗೊತ್ತು. ವೇದಿಕೆ ಮೇಲೆ ಎಲ್ಲ ಒಟ್ಟಿಗೆ ಬಂದಾಗ ಏನಾಗುತ್ತದೋ ಅದೇ. 1997ರಲ್ಲಿ ಜಪಾನಿನ ವಸ್ತ್ರವಿನ್ಯಾಸಕಿ ರೇಯಿ ಕವಾಕುಬೊ ಕನ್ನಿಂಗ್‌ಹ್ಯಾಮ್ ಅವರ ನರ್ತಕರಿಗೆ ಸೊಂಟ, ಬೆನ್ನು, ಹೆಗಲಿನ ಮೇಲೆ ಗಡ್ಡೆಗಳ ಹಾಗೆ ಒಳಗೆ ತುಂಬಿದ ಉಡುಪು ಹೊಲಿಸಿಕೊಟ್ಟಿದ್ದರು. ನರ್ತಕರಿಗೆ ತಮ್ಮ ಮೈಯ ಅಳತೆಯೇ ಬದಲಾಗಿಹೋಯಿತು. ಅದನ್ನು ಕೇಳಿ ನನಗೆ ಅಸೂಯೆಯಾಯಿತು. ಸಂಗೀತಕ್ಕೂ ಕುಣಿತಕ್ಕೂ ಹೊಂದಿಸಬೇಕಾಗಿಲ್ಲ, ಆದರೂ ಕುಣಿತವನ್ನೇ ಬದಲಾಯಿಸುವ ಬಟ್ಟೆ!

ಆದರೆ ನಮ್ಮದು ಅಂಥ ಶಿಸ್ತಲ್ಲ, ಮುನಿಸು. ಅವನೇ ಅದನ್ನು ಮುರಿದ. ಒಂದು ಸಂಜೆ ರೆಕಾರ್ಡರ್ ಹಿಡಿದು ನನ್ನಲ್ಲಿಗೆ ಬಂದು, "ನಿನ್ನ ಹತ್ತಿರ ಇರೋ ಬಟ್ಟೆಗಳನ್ನೆಲ್ಲ ಕೇಳಿಸು" ಅಂದ.

ಬಟ್ಟೆ ನೋಡಿಸು ಅಂದವರಿದ್ದಾರೆ, ಮುಟ್ಟಿಸು ಅಂದವರಿದ್ದಾರೆ. ಕೇಳಿಸು ಅಂದವನು ಇವನೇ ಮೊದಲು. ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಒಂದೊಂದೇ ತುಂಡನ್ನು ಮೈಕಿನ ಹತ್ತಿರ ಉಜ್ಜಿದೆ. ದಪ್ಪ ಉಣ್ಣೆ ಹೆಚ್ಚುಕಡಿಮೆ ಮೂಕ. ನೈಲಾನ್ ಬುಸುಗುಡುತ್ತದೆ. ವೆಲ್ವೆಟ್ ಒಂದು ದಿಕ್ಕಿಗೆ ಸುಮ್ಮನಿರುತ್ತದೆ, ಎದುರು ದಿಕ್ಕಿಗೆ ಸಣ್ಣಗೆ ಗೊಣಗುತ್ತದೆ. ರೇಷ್ಮೆ ಟಫೆಟಾದ ಸರಬರ ಎಲ್ಲರಿಗೂ ಗೊತ್ತು. ರೇಷ್ಮೆಯನ್ನು ಸೌಮ್ಯ ಆಮ್ಲದಲ್ಲಿ ಅದ್ದಿ ತೆಗೆದರೆ ಆ ಸದ್ದು ಇನ್ನೂ ಗರಿಗರಿಯಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಕ್ರೂಪ್ ಅಂತ ಬೇರೆ ಹೆಸರೇ ಇದೆ. ಇಷ್ಟು ವರ್ಷ ಆ ಸದ್ದಿನ ಮೇಲೇ ಬಟ್ಟೆಯ ಗುಣ ಗುರುತಿಸುತ್ತಿದ್ದೆ. ಆದರೂ ಅದನ್ನು ಕಿವಿಗೊಟ್ಟು ಕೇಳಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಕೊನೆಯಲ್ಲಿ ಆ ಕೆಟ್ಟುಹೋದ ಕೋಟಿನ ತೋಳನ್ನು ಉಜ್ಜಿದೆ. ಕರ್, ಕರ್, ಟಪ್. ಆ 'ಟಪ್' ಬಿರುಕು ಬಿಟ್ಟ ಸದ್ದು. ಅವನು ಕತ್ತಲಲ್ಲೇ ಚೆಲ್ಲೊ ತೆಗೆದು, ಬಿಲ್ಲನ್ನು ತಂತಿಯ ಮೇಲೆ ಬಿಗಿಯಾಗಿ ಒತ್ತಿ, ಸ್ವರ ಬರದ ಹಾಗೆ ನಿಧಾನಕ್ಕೆ ಎಳೆದ. ಕರ್, ಕರ್. ಯಾವುದು ತೋಳು ಯಾವುದು ಚೆಲ್ಲೊ ಗೊತ್ತಾಗಲಿಲ್ಲ. ಆಗಲೇ ಇಬ್ಬರೂ ಚಿತ್ರದವಳಿಗೆ ಫೋನ್ ಮಾಡಿದೆವು. ರಾತ್ರಿ ಹನ್ನೊಂದಾಗಿತ್ತು. ಬೈಯಿಸಿಕೊಂಡೆವು.

ಆಮೇಲೆ ಮಾಡಿದ ಕ್ರಮ ಹೀಗೆ. ನಾನು ಮೊದಲು ಸಾದಾ ಬಟ್ಟೆಯಲ್ಲಿ ಕೋಟನ್ನು ಕಚ್ಚಾ ಹೊಲಿಗೆ ಹಾಕಿ ಪೂರ್ತಿ ಕಟ್ಟಿದೆ. ನಡೆಯುವ ಹುಡುಗಿಗೆ ಹಾಕಿ, ಸರಿ ಮಾಡಿ, ಮತ್ತೆ ಬಿಚ್ಚಿದೆ. ಮುಂಭಾಗ ಎರಡು, ಪಕ್ಕ ಎರಡು, ಬೆನ್ನು ಎರಡು, ತೋಳಿಗೆ ನಾಲ್ಕು, ಕಾಲರ್ ಒಂದು. 11 ತುಂಡು. ತೋಳಿನ ಮೇಲ್ಭಾಗ ಮತ್ತು ಮೊಣಕೈ ಬರುವ ಜಾಗಕ್ಕೆ ಚಾಕ್‌ನಲ್ಲಿ ಸುತ್ತು ಹಾಕಿ, "ಇಲ್ಲಿ ಒಂದೇ ಪದರ, ತೆಳ್ಳಗೆ" ಅಂತ ಬರೆದೆ. ಅವಳು ಎಲ್ಲ ತುಂಡುಗಳನ್ನೂ ನೆಲದ ಮೇಲೆ ಹತ್ತಿರ ಹತ್ತಿರ ಹಾಸಿ, ಅಂಚನ್ನು ಲೆಕ್ಕಿಸದೆ, ಒಂದು ತುಂಡಿನಿಂದ ಇನ್ನೊಂದಕ್ಕೆ ಗೆರೆ ದಾಟಿಸುತ್ತಾ ಬಳಿದಳು. ಈ ಸಲ ಒಂಬತ್ತು ದಿನದಲ್ಲಿ ಮುಗಿಸಿದಳು. ಒಂದು ಸಲ ಕಳೆದುಕೊಂಡದ್ದಕ್ಕೋ ಏನೋ, ಕೈಯಲ್ಲಿ ಒಂದು ಧಾರಾಳ ಬಂದಿತ್ತು.

ಹೊಲಿದಾಗ ಯಾರೂ ಯೋಚಿಸಿರದ ಒಂದು ಸಂಗತಿ ನಡೆಯಿತು. ಪ್ರತಿ ಹೊಲಿಗೆಯಲ್ಲೂ ಎರಡೂ ಕಡೆಯಿಂದ ಒಂದೂವರೆ ಸೆಂಟಿಮೀಟರ್ ಬಟ್ಟೆ ಮಾರ್ಜಿನ್ ಅಂತ ಒಳಗೆ ಹೋಗುತ್ತದೆ. ಅಂದರೆ 3 ಸೆಂಟಿಮೀಟರ್ ಚಿತ್ರವನ್ನು ಹೊಲಿಗೆ ನುಂಗುತ್ತದೆ. ಗೆರೆ ಅಡ್ಡಲಾಗಿ ಇದ್ದರೆ ಗೊತ್ತಾಗಲ್ಲ. ಓರೆಯಾಗಿದ್ದರೆ ಈ ಕಡೆ ಒಂದು ಎತ್ತರದಲ್ಲಿ ಮುಗಿದು, ಆ ಕಡೆ ಇನ್ನೊಂದು ಎತ್ತರದಲ್ಲಿ ಶುರುವಾಗುತ್ತದೆ. ಅವಳ ಗೆರೆಗಳೆಲ್ಲ ಓರೆ. ಕೋಟಿನ ಸುತ್ತಲೂ ಚಿತ್ರ ಎಡವಿ ಎಡವಿ ನಡೆದ ಹಾಗೆ ಕಾಣುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು.

ಅವಳು ಕೋಟಿನ ಸುತ್ತ ಎರಡು ಸುತ್ತು ಬಂದಳು. "ಒಳಗೆ ಹೋದದ್ದು ಎಲ್ಲಿದೆ?" ಅಂದಳು. ಮಾರ್ಜಿನ್ ತಿರುಗಿಸಿ ತೋರಿಸಿದೆ. ಬೆರಳಗಲದ ಪಟ್ಟಿಗಳಲ್ಲಿ ಚಿತ್ರ ಹಾಗೇ ಇತ್ತು.

"ಲೈನಿಂಗ್ ಹಾಕಬೇಡ."

ಲೈನಿಂಗ್ ಇಲ್ಲದ ಕೋಟು ಕೊಡೋದು ಅಂದರೆ ನನ್ನ ಮಟ್ಟಿಗೆ ಪ್ಯಾಂಟಿಲ್ಲದೆ ಬೀದಿಗೆ ಹೋದ ಹಾಗೆ. ಒಂದು ಗಂಟೆ ವಾದ ಮಾಡಿ ಸೋತೆ.

ಚೆಲ್ಲೊದವನು ಆ ಎಡವುಗಳನ್ನೇ ಹಿಡಿದ. ನೊಟೇಷನ್ ಬದಲು ಚಿತ್ರ ನೋಡಿ ನುಡಿಸುವುದು ಸಂಗೀತದವರಿಗೆ ಹೊಸದೇನಲ್ಲ. ಅಮೆರಿಕದ ಅರ್ಲ್ ಬ್ರೌನ್ 1952ರಲ್ಲೇ ಬರೀ ಅಡ್ಡ ಉದ್ದ ಪಟ್ಟಿಗಳಿರುವ ಒಂದು ಹಾಳೆಯನ್ನು ಕೃತಿ ಅಂತ ಕೊಟ್ಟಿದ್ದರು. ಹಾಳೆಯನ್ನು ಯಾವ ಕಡೆಗಾದರೂ ತಿರುಗಿಸಿ ನುಡಿಸಬಹುದು. ನಮ್ಮ ಹಾಳೆಗೆ ಕಾಲಿತ್ತು, ಅದೇ ವ್ಯತ್ಯಾಸ. ಹುಡುಗಿ ನಿಧಾನವಾಗಿ ತಿರುಗುತ್ತಾಳೆ, ಅವನು ಎದುರಿಗೆ ಬಂದದ್ದನ್ನು ನುಡಿಸುತ್ತಾನೆ. ದಪ್ಪ ಗೆರೆಗೆ ಬಿಲ್ಲಿನ ಭಾರ. ಎತ್ತರಕ್ಕೆ ಎತ್ತರದ ಸ್ವರ. ಹೊಲಿಗೆ ಬಂದಾಗ ಬಿಲ್ಲು ತಂತಿ ಬಿಟ್ಟು ಗಾಳಿಯಲ್ಲಿ ಮುಂದುವರಿಯುತ್ತದೆ, ಸದ್ದಿಲ್ಲದೆ. ಒಳಗೆ ಹೋದ 3 ಸೆಂಟಿಮೀಟರ್ ಅದು ಅಂತ ಅವನ ಲೆಕ್ಕ. ಆಮೇಲೆ ಬೇರೆ ಎತ್ತರದಲ್ಲಿ ಮತ್ತೆ ಇಳಿಯುತ್ತದೆ. ಮೊದಲ ಸಲ ಅದನ್ನು ಕೇಳಿದಾಗ, ನನ್ನ ಹೊಲಿಗೆ ನನಗೆ ಕೇಳಿಸಿತು.

ಪ್ರದರ್ಶನಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲನೆಯದರಲ್ಲಿ ಹಳದಿ ದೀಪ ಹಾಕಿ, ನೀಲಿಯೆಲ್ಲ ಬೂದಿ ಕಾಣುವ ಹಾಗೆ ಮಾಡಿದರು. ಪೋಸ್ಟರಿನಲ್ಲಿ ಅವರಿಬ್ಬರ ಹೆಸರು ಮೇಲೆ, ನನ್ನದು ಕೆಳಗೆ, ದೀಪ ಮತ್ತು ಕುರ್ಚಿ ಒದಗಿಸಿದವರ ಪಕ್ಕ. ಹೊಲಿಯುವವರಿಗೆ ಇದು ಮಾಮೂಲು. ಆದರೂ ಹೊಟ್ಟೆ ಉರಿಯಿತು. ಚಿತ್ರದವಳು ಪೆನ್ನು ತೆಗೆದುಕೊಂಡು ಬಾಗಿಲಿನ ಪೋಸ್ಟರಿನಲ್ಲಿ ನನ್ನ ಹೆಸರಿನಿಂದ ಮೇಲಕ್ಕೆ ಒಂದು ಬಾಣ ಎಳೆದಳು. ಎರಡನೆಯದರಲ್ಲಿ ಹುಡುಗಿ ಗಾಬರಿಯಾಗಿ ಬೇಗ ಬೇಗ ತಿರುಗಿ, 20 ನಿಮಿಷದ್ದು 14 ನಿಮಿಷಕ್ಕೆ ಮುಗಿಯಿತು.

ಮೂರನೆಯದು ಒಂದು ಇಕ್ಕಟ್ಟಾದ ಕೋಣೆ. ಜನ ಜಾಸ್ತಿ, ಗಾಳಿ ಇಲ್ಲ. ಬಣ್ಣದ ಕೋಟು ಉಸಿರಾಡುವ ಬಟ್ಟೆಯಲ್ಲ, ಒಳಗೆ ಇದ್ದವಳು ಬೆವರಿನಲ್ಲಿ ಮುಳುಗಿದ್ದಳು. 17ನೇ ನಿಮಿಷಕ್ಕೆ ಅವಳು ಯಾರಿಗೂ ಹೇಳದೆ ಗುಂಡಿ ಬಿಚ್ಚಿ, ಕೋಟನ್ನು ಎಳೆದು ತೆಗೆದು, ಕುರ್ಚಿಯ ಬೆನ್ನಿಗೆ ಎಸೆದಳು. ಅದು ಉಲ್ಟಾ ಬಿತ್ತು. ಒಳಮೈ ಹೊರಗೆ. ಬೆಳ್ಳಗಿನ ಬಟ್ಟೆ, ಅದರ ಮೇಲೆ ಹೊಲಿಗೆಗುಂಟ ಬೆರಳಗಲದ ಬಣ್ಣದ ಪಟ್ಟಿಗಳು.

ಚೆಲ್ಲೊದವನು ಬಿಲ್ಲು ಎತ್ತಿ ಒಂದು ಕ್ಷಣ ನಿಂತ. ಆಮೇಲೆ ಕುರ್ಚಿಯನ್ನೇ ನೋಡುತ್ತಾ ನುಡಿಸತೊಡಗಿದ. ಒಂದು ತುಣುಕು ಸ್ವರ, ಉದ್ದ ಮೌನ, ಇನ್ನೊಂದು ತುಣುಕು. ಇಷ್ಟು ದಿನ ಗಾಳಿಯಲ್ಲಿ ಎಳೆದದ್ದಷ್ಟೇ ಈಗ ತಂತಿಯ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ಚಿತ್ರದವಳು ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬಿಗಿಯಾಗಿ. ನನ್ನ ಕಣ್ಣು ಮಾತ್ರ ಎಡ ತೋಳಿನ ಒಳಗೆ, ಅಂಚು ಬಿಚ್ಚಿಕೊಳ್ಳದ ಹಾಗೆ ಹಾಕಿದ ಓವರ್‌ಲಾಕ್ ಮೇಲೇ ಇತ್ತು. ಅಲ್ಲಿ ಒಂದು ಗೇಣು ದಾರ ಬಿಟ್ಟುಕೊಂಡು ನೇತಾಡುತ್ತಿತ್ತು, ಇಡೀ ಕೋಣೆ ಅದನ್ನೇ ನೋಡುತ್ತಿತ್ತು.